ಹಗಲಿನ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಡಿಸೆಂಬರಿನ ನಾಲ್ಕು ದಿನಗಳ ಪ್ರವಾಸಕ್ಕೆ ಸ್ಟಾಕ್‌ಹೋಮೋ ಲಿಸ್ಬನ್ನೋ ಎಂದು ನಮ್ಮ ಮನೆಯಲ್ಲಿ ವಾರವಿಡೀ ಜಗ್ಗಾಟ ನಡೆಯಿತು. ಪ್ರವಾಸ ಲೇಖನಗಳೆಲ್ಲ ಚಳಿಯ ಡಿಗ್ರಿ ಹೇಳುತ್ತವೆ, ಹಗಲಿನ ಲೆಕ್ಕ ಹೇಳುವುದಿಲ್ಲ. ಡಿಸೆಂಬರ್ ಕೊನೆಗೆ ಸ್ಟಾಕ್‌ಹೋಮ್‌ನಲ್ಲಿ ಹಗಲು ಸುಮಾರು 6 ಗಂಟೆ. ಮಧ್ಯಾಹ್ನ 3ಕ್ಕೂ ಮೊದಲೇ ಸೂರ್ಯಾಸ್ತ. ಹತ್ತಕ್ಕೆ ಮೊದಲು ಹಾಸಿಗೆ ಬಿಡದ ನಮ್ಮ ಯಜಮಾನರಿಗೆ ಅದರಲ್ಲಿ ಐದು ಗಂಟೆಯೂ ದಕ್ಕುವುದಿಲ್ಲ! ಲಿಸ್ಬನ್‌ನಲ್ಲಿ ಒಂಬತ್ತೂವರೆ ಗಂಟೆ ಬೆಳಕು. ಆದರೆ ಅಲ್ಲಿ ಅದೇ ಮಳೆಯ ಕಾಲ; ನುಣುಪು ಕಲ್ಲು ಹಾಸಿದ ಇಳಿಜಾರು ಬೀದಿಗಳು ಒದ್ದೆಯಾದರೆ ಜಾರುತ್ತವೆ. ನನ್ನ ಮೊಣಕಾಲಿನದು ಬೇರೆ ತಕರಾರು. ಆದರೂ ಲಿಸ್ಬನ್ನೇ ಎಂದಿದ್ದೇನೆ, ಹಿಡಿತವಿರುವ ಬೂಟನ್ನೂ ತೆಗೆದಿಟ್ಟಿದ್ದೇನೆ. ಇನ್ನು ಮುಂದೆ ನಿಮ್ಮ ಪ್ರವಾಸ ಪುಟದಲ್ಲಿ ಪ್ರತಿ ಊರಿನ ಹೆಸರಿನ ಕೆಳಗೆ ಸೂರ್ಯೋದಯ, ಸೂರ್ಯಾಸ್ತದ ಸಮಯವನ್ನು ದಯವಿಟ್ಟು ಹಾಕಿಸಿ.

– ನಿಮ್ಮ ಓದುಗರಲ್ಲೊಬ್ಬಳು