ಎಂಜಿನ್ ಲೈಟ್ ಮಿಣುಕುತ್ತಿದ್ದರೂ ಗಾಡಿ ಓಡಿಸಿ ಅಂದಿರಿ

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಹೋದ ತಿಂಗಳು ನನ್ನ ಪೆಟ್ರೋಲ್ ಕಾರು ನಿಮ್ಮಲ್ಲಿ ಬಿಟ್ಟಿದ್ದೆ. ಗಾಡಿ ನಡುಗುತ್ತದೆ, ಪಿಕಪ್ ಇಲ್ಲ, ಎಂಜಿನ್ ಲೈಟ್ ಆಗಾಗ ಮಿಣುಕುತ್ತದೆ ಅಂತ ಹೇಳಿದ್ದು ಜಾಬ್ ಕಾರ್ಡಿನಲ್ಲೇ ಇದೆ. ಸಂಜೆ ಸಿಕ್ಕ ಉತ್ತರ: "ಪೆಟ್ರೋಲ್ ಸರಿ ಇರಲಿಲ್ಲ ಸರ್, ಇಂಜೆಕ್ಟರ್ ಕ್ಲೀನ್ ಮಾಡಿದ್ದೀವಿ, ಓಡಿಸ್ತಾ ಇರಿ, ಸರಿಹೋಗುತ್ತೆ." ನಂಬಿ 2,800 ರೂಪಾಯಿ ಕಟ್ಟಿದೆ.

ಹತ್ತು ದಿನವೂ ಬರಲಿಲ್ಲ. ಧರ್ಮಸ್ಥಳದಿಂದ ವಾಪಸ್ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುತ್ತಿದ್ದೆವು, ಜೋರು ಮಳೆ, ಹಿಂದೆ ಟ್ಯಾಂಕರ್, ಕಾರಲ್ಲಿ ಅಮ್ಮ ಮತ್ತು ಮಗಳು. ಎರಡನೇ ಗೇರಿನಲ್ಲೂ ಗಾಡಿ ಎಳೆಯಲಿಲ್ಲ. ಸ್ಟೀರಿಂಗ್ ಅದುರುತ್ತಿತ್ತು, ಲೈಟ್ ಬಿಡದೆ ಮಿಣುಕುತ್ತಿತ್ತು, ಹಸಿ ಪೆಟ್ರೋಲ್ ವಾಸನೆ ಬೇರೆ. ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಬಿಡಲೇ ಇಲ್ಲ. ಸ್ವಲ್ಪ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಎರಡು ಗಂಟೆ ಕಾದು, ಟೋಯಿಂಗ್ ಗಾಡಿಯಲ್ಲಿ ಸಕಲೇಶಪುರ ಸೇರಿದೆವು.

ಅಲ್ಲಿನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರು. ಪಿ0302 ಅನ್ನೋ ಕೋಡ್ ಬಂತು, ಅಂದರೆ ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ, ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಅದರ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಬಿಚ್ಚಿ ಮೂರನೇದಕ್ಕೆ ಹಾಕಿ, ಮೂರನೇದನ್ನು ಇಲ್ಲಿಗೆ ಹಾಕಿ, ಮತ್ತೆ ಸ್ಟಾರ್ಟ್ ಮಾಡಿದರೆ ಕೋಡ್ ಪಿ0303 ಆಯಿತು. ಕಾಯಿಲ್ ಹೋದ ಕಡೆಗೇ ತೊಂದರೆಯೂ ಹೋಯಿತು, ಅಷ್ಟೇ. ಪ್ಲಗ್ ಮೇಲೆ ಕೂರುವ ಅದರ ರಬ್ಬರ್ ಬೂಟಿನಲ್ಲಿ ಕೂದಲೆಳೆಯಷ್ಟು ಸೀಳು, ಸೀಳಿನುದ್ದಕ್ಕೂ ಕರೆಂಟ್ ಸೋರಿದ ಕಪ್ಪು ಗೆರೆ. ಕಣ್ಣಿಗೇ ಕಾಣುತ್ತಿತ್ತು. ಹದಿನೈದು ನಿಮಿಷದ ಈ ಪರೀಕ್ಷೆ ನಿಮ್ಮಲ್ಲಿ ಯಾಕೆ ಆಗಲಿಲ್ಲ?

ಲೈಟ್ ಸುಮ್ನೆ ಉರಿಯುವುದು ಬೇರೆ, ಮಿಣುಕುವುದು ಬೇರೆ, ಮಿಣುಕಿದರೆ ಸಿಲಿಂಡರ್ ಜೋರಾಗಿ ಮಿಸ್ ಆಗುತ್ತಿದೆ ಅಂತ ಅರ್ಥ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು ಅಲ್ವಾ? ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಆ ಬಿಸಿಗೆ ಅದು ಹಾಳಾಗುತ್ತದೆ. ಕಾಯಿಲಿಗಿಂತ ಎಷ್ಟೋ ಪಾಲು ಜಾಸ್ತಿ ಬೆಲೆಯದು. ಅಂಥ ಗಾಡಿಯನ್ನು ಓಡಿಸಿ ಅಂತ ಹೇಗೆ ಹೇಳಿದಿರಿ? ನನಗೆ ಕೋಪ ಬಂದಿರುವುದು ದುಡ್ಡಿಗಿಂತ ಆ ಮಾತಿಗೆ. ಅದನ್ನು ನಂಬಿಯೇ ಮನೆಯವರನ್ನು ಘಾಟಿಗೆ ಕರೆದುಕೊಂಡು ಹೋದೆ.

ಇಂಜೆಕ್ಟರ್ ಕ್ಲೀನಿಂಗ್ ದುಡ್ಡು ಮತ್ತು ಟೋಯಿಂಗ್ ಖರ್ಚು ವಾಪಸ್ ಕೊಡಿ. ಕನ್ವರ್ಟರನ್ನು ನಿಮ್ಮ ಖರ್ಚಿನಲ್ಲೇ ಪರೀಕ್ಷಿಸಿ ಬರವಣಿಗೆಯಲ್ಲಿ ವರದಿ ಕೊಡಿ. ಆ ದಿನ ಸ್ಕ್ಯಾನರಿನಲ್ಲಿ ಯಾವ ಕೋಡ್ ಬಂದಿತ್ತು, ಅದನ್ನು ಅಳಿಸಿ ಕಳಿಸಿದಿರಾ ಅನ್ನುವುದನ್ನೂ ತಿಳಿಸಿ. 15 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಬಿಲ್ಲುಗಳ ಪ್ರತಿ ಜೊತೆಗಿದೆ. ಹಳೇ ಕಾಯಿಲ್ ನನ್ನ ಹತ್ತಿರವೇ ಇದೆ, ಕರೆದ ದಿನ ತರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ, ಹಾಸನ