ಮಕ್ಕಳ ಬಾಯಲ್ಲಿ ಬಣ್ಣದ ಮಾತು: ಪೋಷಕರಿಗೊಂದು ಪತ್ರ

ಆತ್ಮೀಯ ಪೋಷಕರೇ,

ಹೋದ ವಾರ ಆಟದ ಪೀರಿಯಡ್‌ನಲ್ಲಿ ನರ್ಸರಿ ಮಗುವೊಂದು ಇನ್ನೊಂದಕ್ಕೆ "ನೀನು ಕಪ್ಪು, ನಮ್ಮ ಟೀಮಿಗೆ ಬೇಡ" ಅಂತು, ಅನ್ನಿಸಿಕೊಂಡ ಮಗು ಸ್ವೆಟರ್ ತೋಳು ಎಳ್ಕೊಂಡು ಕೈ ಮುಚ್ಚಿಕೊಂಡು ನಿಂತುಬಿಡ್ತು. ಇಷ್ಟು ಚಿಕ್ಕೋರಿಗೆ ಇದನ್ನ ಯಾರು ಹೇಳ್ಕೊಟ್ರು ಅಂತ ನಿಮ್ಮಲ್ಲಿ ಸುಮಾರು ಜನ ಕೇಳಿದ್ರಿ. ಯಾರೂ ಕೂರಿಸ್ಕೊಂಡು ಹೇಳ್ಕೊಟ್ಟಿರಲ್ಲ, ಮಕ್ಕಳು ನಮ್ಮನ್ನ ನೋಡಿ ನೋಡಿ ತಾವೇ ಕಲೀತಾರೆ.

ಆಗ ತಾನೇ ಹುಟ್ಟಿದ ಕೂಸಿಗೆ ಎಲ್ಲಾ ಜನಾಂಗದ ಮುಖಗಳೂ ಒಂದೇ, 3 ತಿಂಗಳ ಹೊತ್ತಿಗೆ ದಿನಾ ನೋಡೋ ಥರದ ಮುಖಗಳ ಕಡೆಗೇ ಕಣ್ಣು ಜಾಸ್ತಿ ಹೋಗುತ್ತೆ. ಇದು ದ್ವೇಷ ಅಲ್ಲ, ರೂಢಿ ಅಷ್ಟೇ, ಬೇರೆ ಬೇರೆ ಜನಾಂಗದವರ ನಡುವೆ ಬೆಳೆಯೋ ಕೂಸುಗಳಲ್ಲಿ ಈ ಒಲವು ಅಷ್ಟಾಗಿ ಕಾಣಲ್ಲ. ಯಾರು ಮೇಲು ಯಾರು ಕೀಳು ಅನ್ನೋ ಲೆಕ್ಕ ಬರೋದು ಆಮೇಲೆ, ಸ್ಕೂಲಿಗೆ ಸೇರೋ ವಯಸ್ಸಲ್ಲಿ. 1940ರ ಸುಮಾರಿಗೆ ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಅನ್ನೋ ಮನಶ್ಶಾಸ್ತ್ರಜ್ಞ ದಂಪತಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವ್ದು ಒಳ್ಳೇದು ಅಂತ ಕೇಳಿದ್ರು, ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ತೋರಿಸಿದ್ರು. ತಮ್ಮದೇ ಬಣ್ಣ ಕೀಳು ಅಂತ ಆ ವಯಸ್ಸಿಗೇ ನಂಬಿದ್ರಲ್ಲ, ನನಗೆ ಸಂಕಟ ಆಗೋದು ಅಲ್ಲೇ.

"ನಮ್ಮನೇಲಿ ಬಣ್ಣದ ಮಾತೇ ಎತ್ತಲ್ಲ ಮೇಡಂ" ಅಂತೀರಿ, ನಿಮ್ಮ ಮನಸ್ಸು ಒಳ್ಳೇದೇ, ಆದ್ರೆ ನಾವು ಸುಮ್ಮನಿದ್ರೆ ಮಕ್ಕಳು ತಾವೇ ಕಾರಣ ಹುಡುಕ್ಕೋತಾರೆ. ಯಾರ ಹತ್ರ ನಗ್ತಾ ಮಾತಾಡ್ತೀವಿ, ಯಾರು ಎದುರು ಬಂದ್ರೆ ಮಗುವಿನ ಕೈ ಬಿಗಿಯಾಗಿ ಹಿಡ್ಕೋತೀವಿ, ಮನೆಗೆ ಯಾರು ಬರ್ತಾರೆ, ಯಾರು ಬರೋದೇ ಇಲ್ಲ, ಎಲ್ಲಾ ಗಮನಿಸ್ತಿರ್ತಾರೆ. ಲಿಫ್ಟಲ್ಲಿ ಮಗು "ಅಮ್ಮಾ, ಆ ಅಂಕಲ್ ಯಾಕೆ ಅಷ್ಟು ಕಪ್ಪು?" ಅಂತ ಜೋರಾಗಿ ಕೇಳಿದಾಗ ನಾವು ಬಾಯಿ ಮುಚ್ಚಿಸಿದ್ರೆ, ಕಪ್ಪಗಿರೋದು ಏನೋ ನಾಚಿಕೆ ವಿಷಯ ಅಂತ ಮಗು ಅಂದ್ಕೊಳ್ಳುತ್ತೆ. ಗದರಬೇಡಿ. "ಚರ್ಮದಲ್ಲಿ ಬಣ್ಣ ಕೊಡೋ ಮೆಲನಿನ್ ಅಂತ ಇರುತ್ತೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಮ್ಮಿ, ನಿಂಗೂ ಇದೆ" ಅಂತ ಮಾಮೂಲಿ ದನಿಯಲ್ಲೇ ಹೇಳಿ.

ಯಾರನ್ನಾದ್ರೂ ಬಣ್ಣ ನೋಡಿ ದೂರ ಇಟ್ರೆ ಮಾತ್ರ ಅಲ್ಲೇ ತಡೀರಿ, ಅದು ತಪ್ಪು ಅಂತ ನೇರವಾಗೇ ಹೇಳಿ, ಕ್ಲಾಸಲ್ಲಿ ನಾವೂ ಹಾಗೇ ಮಾಡ್ತೀವಿ. ಇನ್ಮೇಲೆ ಆಟದ ಟೀಮು ಟೀಚರೇ ಮಾಡ್ತಾರೆ, ದಿನಾ ಜೋಡಿ ಬದಲಾಗುತ್ತೆ. ಮನೇಲಿ ಮಗು ಇಂಥ ಮಾತಾಡಿದ್ರೆ ಮುಚ್ಚಿಡದೆ ಕ್ಲಾಸ್ ಟೀಚರ್‌ಗೆ ತಿಳಿಸಿ, ಯಾರೂ ನಿಮ್ಮನ್ನ ತಪ್ಪು ತಿಳ್ಕೊಳಲ್ಲ.

ಇಂತಿ,
ಮುಖ್ಯೋಪಾಧ್ಯಾಯಿನಿ