ಮಜರೆಯನ್ನು ‘ಕುಗ್ರಾಮ’ ಎನ್ನಬೇಡಿ

ಸಂಪಾದಕರೇ,

ಹತ್ತಿಪ್ಪತ್ತು ಮನೆಗಳ ಊರಿನ ಸುದ್ದಿ ಬಂದರೆ ಪತ್ರಿಕೆಗಳಿಗೆ ಹೊಳೆಯುವುದು ಒಂದೇ ಪದ: ‘ಕುಗ್ರಾಮ’. ಅಲ್ಲಿನ ಹುಡುಗಿ ಚೆನ್ನಾಗಿ ಓದಿದರೆ ‘ಕುಗ್ರಾಮದ ಪ್ರತಿಭೆ’, ಬಸ್ಸು ಬಾರದಿದ್ದರೂ ಕುಗ್ರಾಮವೇ. ಕುತಂತ್ರ, ಕುಖ್ಯಾತಿ, ಕುರೂಪಗಳಲ್ಲಿರುವ ‘ಕು’ ಇದು. ಚಿಕ್ಕದು ಎಂಬುದಕ್ಕಿಂತ ಕೆಟ್ಟದ್ದು ಎಂದೇ ಕಿವಿಗೆ ಬೀಳುತ್ತದೆ. ಸಂಸ್ಕೃತದ ಸುಭಾಷಿತವೊಂದು ಕುಗ್ರಾಮವಾಸವನ್ನು ಕುಭೋಜನದ ಸಾಲಿಗೇ ಸೇರಿಸಿದೆ.

ಮೂಲ ಗ್ರಾಮವೊಂದಕ್ಕೆ ಸೇರಿದ ಇಂಥ ಪುಟ್ಟ ಜನವಸತಿಗೆ ಕಂದಾಯ ಕಡತದ ಪದ ‘ಮಜರೆ’. ಹೊಲ, ಸಾಗುವಳಿ ಭೂಮಿ ಎಂಬರ್ಥದ ಅರಬ್ಬಿ ಮಾತಿನಿಂದ ಬಂದದ್ದು. ಮಜರೆಗೆ ತನ್ನದೇ ಸರ್ವೆ ನಂಬರುಗಳಾಗಲಿ ನಕಾಶೆಯಾಗಲಿ ಇಲ್ಲ, ಎಲ್ಲವೂ ಮೂಲ ಗ್ರಾಮದ್ದು. ಪಹಣಿಯ ನೆತ್ತಿಯಲ್ಲಿ ತಾಲ್ಲೂಕು, ಹೋಬಳಿ, ಗ್ರಾಮಕ್ಕೆ ಜಾಗವಿದೆ, ಮಜರೆಗಿಲ್ಲ. ಜನಗಣತಿಯೂ ಅಲ್ಲಿನ ಜನರನ್ನು ಮೂಲ ಗ್ರಾಮದ ಲೆಕ್ಕಕ್ಕೇ ಹಾಕುತ್ತದೆ. ಇದಕ್ಕೆ ತದ್ವಿರುದ್ಧ ‘ಬೇಚರಾಕ್’ ಗ್ರಾಮ. ಪಾರಸಿಯ ‘ಬೇ ಚಿರಾಗ್’, ಅಂದರೆ ದೀಪವಿಲ್ಲದ್ದು. ಗಡಿ, ನಕಾಶೆ, ಪಹಣಿ ಎಲ್ಲ ಉಂಟು, ಸಂಜೆ ದೀಪ ಹಚ್ಚುವ ಮನೆ ಮಾತ್ರ ಒಂದೂ ಇಲ್ಲ.

ಊರೊಂದು ಮಜರೆಯೋ ಅಲ್ಲವೋ ಎಂಬ ಪರೀಕ್ಷೆ ಸುಲಭ. ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ಆ ಹೋಬಳಿಯ ಗ್ರಾಮಗಳ ಪಟ್ಟಿ ತೆರೆಯಿರಿ. ಹೆಸರಿದ್ದರೆ ಕಂದಾಯ ಗ್ರಾಮ. ಇಲ್ಲದಿದ್ದರೆ ಮಜರೆಯೋ ದಾಖಲೆರಹಿತ ಜನವಸತಿಯೋ ಆಗಿರಬೇಕು. ಆಗ ಮೂಲ ಗ್ರಾಮದ ಹೆಸರನ್ನೂ ಜೊತೆಗೆ ಬರೆಯಿರಿ. ಬರೆಯದಿದ್ದರೆ ಜಮೀನಿನ ವ್ಯಾಜ್ಯದ ವರದಿ ಓದಿದವರಿಗೆ ಸರ್ವೆ ನಂಬರು ಸಿಕ್ಕರೂ ಊರು ಸಿಗುವುದಿಲ್ಲ. ಹೆಸರಿನ ಬಾಲ ನೋಡಿ ತೀರ್ಮಾನಿಸುವುದಂತೂ ಬೇಡ: ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೆಸರಿಗಷ್ಟೇ ಹಟ್ಟಿ, ಅಲ್ಲಿರುವುದು ಪಟ್ಟಣ ಪಂಚಾಯಿತಿ.

ಇನ್ನು ಜನರಾಡುವ ಪದಗಳು. ಲಂಬಾಣಿಗರದು ತಾಂಡಾ, ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಪೋಡು, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕ್ಯಾಂಪು, ಮೈಸೂರು ಸೀಮೆಯಲ್ಲಿ ಕೊಪ್ಪಲು, ಹುಂಡಿ. ಭೂಸುಧಾರಣಾ ಕಾಯ್ದೆಯ 38-ಎ ಕಲಮು ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ ಎಂದು ಒಂದೊಂದನ್ನೂ ಹೆಸರಿಸಿಯೇ ಮುಂದೆ ಹೋಗುತ್ತದೆ. ಕಾನೂನಿಗಿರುವ ಈ ವ್ಯವಧಾನ ಸುದ್ದಿಮನೆಗೆ ಏಕಿಲ್ಲವೋ!

ಒಂದು ಎಚ್ಚರಿಕೆ. ಇವು ಊರು ದಾಟಿದರೆ ಅರ್ಥ ಬದಲಿಸುತ್ತವೆ. ಚಿತ್ರದುರ್ಗದಲ್ಲಿ ಹಟ್ಟಿ ಎಂದರೆ ಜನ ಇರುವ ಜಾಗ, ಕುಂದಾಪುರದ ಕಡೆ ದನದ ಕೊಟ್ಟಿಗೆ. ಎಚ್.ಡಿ. ಕೋಟೆಯ ಹಾಡಿಯಲ್ಲಿ ಜೇನುಕುರುಬರ ಮನೆಗಳಿವೆ, ಕರಾವಳಿಯ ಹಾಡಿಯಲ್ಲಿ ಮರಗಿಡಗಳಷ್ಟೇ. ‘ಹಾಡಿಗೆ ಬೆಂಕಿ’ ಎಂದು ರಾಜ್ಯ ಪುಟದಲ್ಲಿ ತಲೆಬರಹ ಕೊಟ್ಟರೆ ಒಂದು ಕಡೆಯವರಿಗೆ ಮನೆಗಳು ಸುಟ್ಟಿರುತ್ತವೆ, ಇನ್ನೊಂದು ಕಡೆಯವರಿಗೆ ಕುರುಚಲು. ಅಂಥ ಕಡೆ ‘ಜೇನುಕುರುಬರ ಹಾಡಿ’ ಎಂದು ಒಂದು ಪದ ಹೆಚ್ಚು ಹಾಕಿದರೆ ಸಾಕು.